ಹೆಗಲೊಳಗಿನ ಕಬ್ಬಿಣ

ದೆವ್ವಗಳಿಗೆ ನಾನು ಹೆದರುತ್ತೇನೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ನನ್ನ ಸಂಕಟ ಬೇರೆ: ದೆವ್ವಗಳೇ ನನಗೆ ಹೆದರುತ್ತವಂತೆ. ಹೀಗೆಂದು ತೀರ್ಮಾನಿಸಿದವರು ಮಂಚೇನಹಳ್ಳಿಯ ನಮ್ಮ ಬೀದಿಯವರು. ಅರವತ್ತರ ದಶಕದ ಮಾತು. ಗೌರಿಬಿದನೂರಿನ ಕಚೇರಿಯಿಂದ ಸೈಕಲ್ಲಿನಲ್ಲಿ ಬರುತ್ತ, ಎಮ್ಮೆಯೊಂದಕ್ಕೆ ದಾರಿ ಬಿಡಲು ಹೋಗಿ ಮೋರಿಗೆ ಬಿದ್ದೆ. ಎಮ್ಮೆಗೆ ಏನೂ ಆಗಲಿಲ್ಲ. ನನಗೆ ಕತ್ತಿಗೂ ಬಲಭುಜಕ್ಕೂ ನಡುವಿನ ಎಲುಬು ಮೂರು ತುಂಡಾಯಿತು. ಬೆಂಗಳೂರಿನ ಡಾಕ್ಟರು ಅದಕ್ಕೊಂದು ಉಕ್ಕಿನ ಪಟ್ಟಿಯಿಟ್ಟು ಆರು ಸ್ಕ್ರೂ ಬಿಗಿದು, "ಎಲುಬು ಕೂಡಿಸೋದು ನನ್ನ ಕೆಲಸ, ಕೈ ಎತ್ತೋದು ನಿಮ್ಮ ಕೆಲಸ. ದಿನಾ ಗೋಡೆ ಮೇಲೆ ಬೆರಳು ಹತ್ತಿಸಿ" ಎಂದರು. ಎಲುಬು ಕೂಡಿತು, ಕೈ ಮಾತ್ರ ಭುಜದ ಮಟ್ಟಕ್ಕೆ ಬಂದು ಮೊಂಡು ಹಿಡಿಯಿತು. ಕಚೇರಿಯಲ್ಲಿ ಮೇಲಿನ ಹಲಗೆಯ ಫೈಲುಗಳು ನನಗೆ ಎಟುಕದಾದವು. ಮೊದಲೂ ಅವನ್ನು ಯಾರೂ ಮುಟ್ಟುತ್ತಿರಲಿಲ್ಲವಾದ್ದರಿಂದ ಸರ್ಕಾರಕ್ಕೆ ವ್ಯತ್ಯಾಸ ತಿಳಿಯಲಿಲ್ಲ.

ತಿಳಿದದ್ದು ಬೀದಿಗೆ. ಬಾಣಂತಿಯ ದಿಂಬಿನಡಿ ಕುಡುಗೋಲಿಟ್ಟು ಪೀಡೆ ಓಡಿಸುವ ಜನ, ಮೈಯೊಳಗೇ ಕಬ್ಬಿಣ ಇಟ್ಟುಕೊಂಡವನನ್ನು ಬಿಡುತ್ತಾರೆಯೇ? ಪಕ್ಕದ ಮನೆಯ ಕೂಸು ಸಂಜೆಯಾದರೆ ಮೂಲೆ ನೋಡಿಕೊಂಡು ಕಿರುಚುತ್ತಿತ್ತು. "ಒಂದ್ ಗಳಿಗೆ ಬಂದು ಕೂತ್ಕೊಂಡು ಹೋಗಪ್ಪ" ಎಂದು ಅದರ ಅಜ್ಜಿ ಕರೆದರು. ನಾನು ಹೊಸಿಲು ದಾಟಿದ್ದೇ ಕೂಸು ಥಟ್ಟನೆ ಸುಮ್ಮನಾಯಿತು. ಅದರ ಕಣ್ಣು ಮೂಲೆ ಬಿಟ್ಟು, ಗೋಡೆಗುಂಟ ನಿಧಾನವಾಗಿ ಸರಿದು, ನನ್ನ ಪಕ್ಕದಿಂದಲೇ ಏನೋ ಬಾಗಿಲಾಚೆ ಹೋದದ್ದನ್ನು ನೋಡಿತು. ನನ್ನ ಹೆಗಲೊಳಗಿನ ಪಟ್ಟಿ ಬಾವಿನೀರಿನ ಹಾಗೆ ತಣ್ಣಗಾಯಿತು. ಅಜ್ಜಿ ಸಂತೋಷದಿಂದ ಕಾಫಿ ಕೊಟ್ಟರು. ನಾನು ಬಾಗಿಲಿಗೆ ಬೆನ್ನು ಹಾಕದೆ ಕುಡಿದೆ.

ಆ ಚಳಿಗಾಲದಲ್ಲೇ ಅಮ್ಮ ತೀರಿಕೊಂಡಳು. ನಾನೊಬ್ಬನೇ ಮಗ. ಮೂರನೆಯ ದಿನ ಹಾಲುತುಪ್ಪಕ್ಕೆ, ತೋಟದಲ್ಲಿ ಅವಳನ್ನು ಮಣ್ಣು ಮಾಡಿದ ಜಾಗದಲ್ಲಿ ಎಲೆ ಹಾಕಿ, ಅವಳಿಗೆ ಇಷ್ಟವಾದ ಮುದ್ದೆ, ಹಿತಕಿದ ಅವರೆಬೇಳೆ ಸಾರು ಬಡಿಸಿ ಕಾದೆವು. ಕಾಗೆ ಮುಟ್ಟಿದರೆ ಅಮ್ಮ ಉಂಡಳೆಂದು ಅರ್ಥ. ಹುಣಸೆಮರದ ತುಂಬ ಕಾಗೆಗಳಿದ್ದವು. ಒಂದೂ ಕೂಗಲಿಲ್ಲ. ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ಸತ್ತವಳಿಗೆ ಆಸೆ ಉಳಿದಿರಬೇಕೆಂದು ನೆಂಟರು ಒಬ್ಬೊಬ್ಬರಾಗಿ ಮಾತು ಕೊಟ್ಟರು. ನಾನು ನಶ್ಯ ಬಿಡುತ್ತೇನೆಂದೆ. ಅಮ್ಮ ಅದನ್ನು ಬದುಕಿದ್ದಾಗಲೂ ನಂಬಿರಲಿಲ್ಲ. ಸಾರು ಆರಿತು. ಅವಳು ಹಸಿದುಕೊಂಡೇ ಹೋಗುತ್ತಾಳಲ್ಲ ಎಂದು ನನಗೆ ಅಳು ಬಂತು. ಆಗ ಸೋದರತ್ತೆ ಹತ್ತಿರ ಬಂದು, "ನಾಯನಾ, ನಿನ್ ಮೈಯಲ್ಲಿ ಕಬ್ಣ ಐತೆ. ಪಾಪ, ಅವಳಾದ್ರೂ ಹೆಂಗ್ ಬರ್ತಾಳೆ? ದೂರ ಹೋಗಪ್ಪ" ಎಂದಳು.

"ಅದು ಕಬ್ಬಿಣ ಅಲ್ಲತ್ತೆ, ತುಕ್ಕು ಹಿಡೀದೇ ಇರೋ ಉಕ್ಕು."

"ಅಷ್ಟೆಲ್ಲಾ ಅವಳಿಗೇನು ಗೊತ್ತು ಕಣಪ್ಪ!"

ಬದು ದಾಟಿ ದೂರ ಹೋಗಿ ನಿಂತೆ. ಬೆನ್ನ ಹಿಂದೆ ರೆಕ್ಕೆಯ ಸದ್ದಾಯಿತು. ತಿರುಗಿದರೆ ಒಂದೇ ಒಂದು ಕಾಗೆ ಎಲೆಯ ಮುಂದೆ ಕೂತು ಉಣ್ಣುತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟೆ, ಕತ್ತೆತ್ತಿ ನೋಡಿತು. ಹಿಂದಿಟ್ಟೆ, ಮತ್ತೆ ಉಂಡಿತು.

ವರ್ಷವಾದ ಮೇಲೆ, ಪಟ್ಟಿ ತೆಗೆಸಿಯೇ ಬರುತ್ತೇನೆಂದು ಬೆಂಗಳೂರಿಗೆ ಹೋದೆ. ಅಷ್ಟರಲ್ಲಿ ಗೋಡೆ ಹತ್ತಿ ಹತ್ತಿ ಕೈ ಸೂರು ಮುಟ್ಟುವಂತಾಗಿತ್ತು. "ತೊಂದ್ರೆ ಇಲ್ವಲ್ಲ, ಆದ್ರೂ ಬೇಕಾದ್ರೆ ತೆಗೀಬಹುದು" ಎಂದರು ಡಾಕ್ಟರು. ಒಳಗೆಲ್ಲೋ ಕತ್ತರಿಗಳು ತಟ್ಟೆಗೆ ಬಿದ್ದ ಸದ್ದು ಕೇಳಿತು. "ಇರಲಿ ಬಿಡಿ ಸಾರ್" ಎಂದು ಅಂಗಿ ತೊಟ್ಟುಕೊಂಡು ಬಂದುಬಿಟ್ಟೆ. ಹಾಗಾಗಿ ಪ್ರತಿವರ್ಷ ಅಮ್ಮನಿಗೆ ಎಡೆಯಿಟ್ಟು, ನಾನು ಬಸ್ ಸ್ಟ್ಯಾಂಡಿನಲ್ಲಿ ಹೋಗಿ ಕೂರುತ್ತೇನೆ. ನಾನು ಮನೆಗೆ ಬರುವವರೆಗೂ ತುತ್ತು ಮುಟ್ಟದಿದ್ದವಳು, ಈಗ ನಾನು ಮನೆ ಬಿಡುವವರೆಗೂ ಮುಟ್ಟುವುದಿಲ್ಲ.