ಬೀಜದ ಕಾರ್ಖಾನೆಯಲ್ಲಿ ನನ್ನ ಡಾಕ್ಟರಿಕೆ

ನಗಬಾರದು ಅಂತ ಹಲ್ಲು ಕಚ್ಚಿ ಕೂತರೂ ನಗಿಸದೆ ಬಿಡದ ಜಾಗಗಳು ಕೆಲವು ಇರುತ್ತವೆ. ತಲ್ಲೂರಿನ ಹತ್ತಿರ ಇರುವ ನಮ್ಮ ಗೇರುಬೀಜದ ಕಾರ್ಖಾನೆ ಅಂಥದ್ದು. ಇಪ್ಪತ್ತೆಂಟು ವರ್ಷದಿಂದ ಅಲ್ಲಿ ನಾನು ರೈಟರು. ಹಾಜರಿ ಬರೆಯುವುದು, ಲೋಡು ಬಂದರೆ ಮೂಟೆ ಎಣಿಸುವುದು ನನ್ನ ಕೆಲಸ. ಬೀಜ ಒಡೆಯುವವರು, ಸಿಪ್ಪೆ ಸುಲಿಯುವವರು ಹೆಚ್ಚಾಗಿ ಹೆಂಗಸರು. ಕಳೆದ ಕೆಲವು ವರ್ಷಗಳಿಂದ ಅವರ ಆರೋಗ್ಯದ ಉಸ್ತುವಾರಿಯೂ ನನ್ನ ತಲೆಗೆ ಬಂದಿದೆ. ಆಮೇಲಂತೂ ವಾರಕ್ಕೊಂದು ಪ್ರಸಂಗ ತಪ್ಪಿದ್ದಿಲ್ಲ.

ನೇಮಕಾತಿ

ನಮ್ಮ ಧಣಿಗೆ ಹೃದಯದ ಚಿಕಿತ್ಸೆ ಆಯಿತು. ಒಂದು ತಿಂಗಳು ಮನೆಯಲ್ಲಿ ಮಲಗಿದ್ದು ವಾಪಸು ಬಂದವರೇ ನನ್ನನ್ನು ಕರೆದರು.

"ಕಾಣಿ, ನಂಗ್ ಮೊದ್ಲೇ ಗೊತ್ತಾಯಿದ್ರೆ ಇಷ್ಟ್ ದೂರ ಬತ್ತಿರ್ಲಿಲ್ಲ. ನಮ್ಮಲ್ಲಿ ಕೆಲ್ಸ ಮಾಡುವರಿಗೆ ಹೀಂಗ್ ಆಪುಕಾಗ. ತಿಂಗ್ಳಿಗೊಂದ್ ಸಲ ಬಿಪಿ, ಶುಗರ್ ಎಲ್ಲ ಕಾಣ್ಸುವ. ಡಾಕ್ಟ್ರನ್ನ, ನರ್ಸಮ್ಮನ್ನ ನಾನ್ ಕರ್ಸ್ತೆ. ಮಧ್ಯ ಮಧ್ಯ ಒಂದ್ ನಾಕ್ ಮಾತ್ ಹೇಳುದ್ ನಿಮ್ಮ ಕೆಲ್ಸ."

ನಾನು ಹೆದರಿಬಿಟ್ಟೆ. "ಧಣಿ, ಕಾಯಿಲಿ ವಿಷಯ ನಂಗೆಂತ ಗೊತ್ತಿತ್ತ್?"

"ನಿಮ್ಗೆ ಗೊತ್ತಿಲ್ದೆ ಮತ್ ಯಾರಿಗೆ? ಇಷ್ಟ್ ವರ್ಷದ ನಿಮ್ಮ ರಜಾ ಅರ್ಜಿ ಎಲ್ಲ ನಾನೇ ಓದಿದ್ದಲ್ದಾ? ಡಾಕ್ಟ್ರಿಗೂ ಗೊತ್ತಿಲ್ದಿದ್ ಕಾಯಿಲಿ ಹೆಸ್ರ್ ಅದ್ರಲ್ಲಿತ್ತ್!"

ಖಾಲಿ ಹೊಟ್ಟೆ

ಮೊದಲ ಸಲ ಶುಗರ್ ಪರೀಕ್ಷೆ ಇಟ್ಟುಕೊಂಡಾಗ ಹಿಂದಿನ ದಿನವೇ ಮೂರು ಮೂರು ಸಲ ಹೇಳಿದ್ದೆ, "ನಾಳೆ ಬೆಳಿಗ್ಗೆ ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬರಬೇಕು." ಎಲ್ಲರೂ ತಲೆ ಆಡಿಸಿದ್ದರು. ಬೈಂದೂರಿನಿಂದ ಬಂದ ನರ್ಸಮ್ಮ ಒಬ್ಬೊಬ್ಬರ ಬೆರಳು ಚುಚ್ಚುತ್ತಾ ಬಂದರು. ಬೀಜ ಒಡೆಯುವ ಒಬ್ಬ ಅಕ್ಕನ ಹತ್ತಿರ ಬಂದಾಗ ಮಾತ್ರ ಮಿಷನ್ ಕಂಡು ಅವರ ಹುಬ್ಬು ಮೇಲೆ ಹೋಯಿತು.

"ಎಂತಾರೂ ತಿಂದ್ಕಂಡ್ ಬಂದಿರ್ಯಾ?"

"ಇಲ್ಲಪ್ಪ, ಎಂತದೂ ತಿನ್ಲಿಲ್ಲೆ."

"ಚಾ?"

"ಚಾ ಕುಡಿಯೂದಲ್ದಾ? ತಿಂಬುದಾ?"

ನರ್ಸಮ್ಮ ಪೆನ್ನು ಕೆಳಗಿಟ್ಟರು. "ಮತ್ತೆಂತ ಕುಡಿದ್ರಿ?"

"ಒಂಚೂರ್ ಗಂಜಿ ತೆಳಿ."

"ಬರೀ ತೆಳಿಯಾ?"

"ತೆಳಿ ಬಗ್ಸುವತಿಗೆ ನಾಕ್ ಅಗುಳ್ ಬೀಳ್ದೆ ಇರತ್ತಾ ಅಮ್ಮ?"

"ನಾಕೇ ಅಗುಳಾ?"

"ಒಂದ್ ಬಟ್ಲ್ ಇದ್ದಿರ್ಕ್."

"ಬರೀ ಗಂಜಿ ಹೆಂಗ್ ಉಂಡ್ರಿ?"

ಅಕ್ಕ ಆಚೆ ಈಚೆ ಕಂಡು ಸ್ವರ ತಗ್ಗಿಸಿದರು. "ಒಂದ್ ಬಂಗುಡೆ ಇದ್ದಿತ್. ಆರೆ ಅಮ್ಮ, ಅದ್ ನಿನ್ನಿ ಮೀನ್. ಇವತ್ತಿನ ಹೊಟ್ಟಿಗೆ ಅದ್ ಸೇರುದಿಲ್ಲೆ!"

ಮಾತ್ರೆಯ ಮಹಿಮೆ

ಸಿಪ್ಪೆ ಸುಲಿಯುವ ಒಬ್ಬಳು ಒಂದು ದಿನ ಕೆಲಸದ ಮೇಜಿನ ಮುಂದೆಯೇ ತಲೆ ತಿರುಗಿ ಬಿದ್ದಳು. ನನ್ನ ತಂಗಿಯ ಪ್ರಾಯದವಳು. ಪರೀಕ್ಷೆ ಮಾಡಿಸಿದರೆ ಮೈಯಲ್ಲಿ ರಕ್ತವೇ ಕಡಿಮೆ. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅವಳ ಜೊತೆ ಇನ್ನೂ ಕೆಲವರಿಗೆ ಅದೇ ಮಾತ್ರೆ. ಕೆಲವು ತಿಂಗಳ ಮೇಲೆ ಮತ್ತೆ ಕಂಡರೆ ಉಳಿದವರದ್ದೆಲ್ಲ ಏರಿದೆ, ಇವಳದ್ದು ಇದ್ದಲ್ಲೇ ಇದೆ.

"ಮಾತ್ರೆ ಖಾಲಿ ಆಯ್ತಾ?" ಅಂತ ಕೇಳಿದೆ.

"ಒಂದೂ ಉಳೀಲಿಲ್ಲೆ ರೈಟ್ರೇ" ಅಂತ ಮಾತ್ರೆ ಕಿತ್ತ ಖಾಲಿ ಹಾಳೆ ತೋರಿಸಿದಳು.

ಡಾಕ್ಟರಿಗೂ ಅರ್ಥವಾಗಲಿಲ್ಲ. ಇನ್ನು ದೊಡ್ಡ ಆಸ್ಪತ್ರೆಗೇ ಕಳಿಸಬೇಕು ಅಂದರು. ಅವಳಿಗೆ ಇಬ್ಬರು ಸಣ್ಣ ಮಕ್ಕಳು. ಆಗ ಪಕ್ಕದಲ್ಲಿ ಕೂರುವವಳು ತಡೆಯಲಾರದೆ ಬಾಯಿಬಿಟ್ಟಳು, "ಡಾಕ್ಟ್ರೇ, ಅವ್ಳ್ ಮಾತ್ರಿ ನುಂಗುದಿಲ್ಲೆ. ಮಲ್ಲಿಗಿ ಗಿಡದ ಬುಡಕ್ಕೆ ಹಾಕ್ತ್ಳ್!"

ಕೇಳಿದರೆ ಅವಳು ತಲೆ ತಗ್ಗಿಸಿ ಹೇಳಿದಳು, "ನುಂಗಿದ್ರೆ ವಾಂತಿ ಬಪ್ಪಂಗ್ ಆತ್ತ್. ಬಿಸಾಡುಕೆ ಮನ್ಸ್ ಬರ್ಲಿಲ್ಲೆ. ರಕ್ತ ಇಲ್ದೆ ಬಿಳ್ಚಿಕಂಡರಿಗೆ ಒಳ್ಳೇದ್ ಅಂದ್ ನೀವೇ ಹೇಳಿದ್ರಿ. ನಮ್ಮನಿ ಮಲ್ಲಿಗಿ ಗಿಡುವೂ ಬಿಳ್ಚಿಕಂಡಿತ್ತ್."

ಬೈಯಬೇಕು ಅಂತ ಬಾಯಿ ತೆರೆದ ಡಾಕ್ಟರು ನಕ್ಕುಬಿಟ್ಟರು. ಖಾಲಿ ಹೊಟ್ಟೆಗೆ ಬೇಡ, ಊಟ ಮಾಡಿ ನುಂಗು ಅಂದರು. ಪಕ್ಕದವಳನ್ನೇ ಕಾವಲಿಗೆ ಹಾಕಿದೆವು. ಮಧ್ಯಾಹ್ನ ಬುತ್ತಿ ಮುಚ್ಚಿದ ಕೂಡಲೇ ಅವಳ ಎದುರೇ ನುಂಗಬೇಕು. ಮುಂದಿನ ಪರೀಕ್ಷೆಗೆ ರಕ್ತ ಏರಿತ್ತು, ಮುಖದಲ್ಲಿ ಕಳೆ ಬಂದಿತ್ತು. ಅವತ್ತು ಅವಳು ನರ್ಸಮ್ಮನಿಗೆ ಒಂದು ಮೊಳ ಮಲ್ಲಿಗೆ ತಂದುಕೊಟ್ಟಳು. ನನ್ನ ಮೇಜಿನ ಹತ್ತಿರ ಬಂದು, "ನಿಮ್ಮಿಂದ ಉಪಕಾರ ಆಯ್ತ್ ರೈಟ್ರೇ" ಅಂದಳು. ನನ್ನ ಕಣ್ಣು ತುಂಬಿ ಬಂತು.

ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಡಾಕ್ಟ್ರ ಹತ್ರ ಒಂದ್ ಮಾತ್ ಹೇಳಿ. ನಾನ್ ನುಂಗುಕೆ ಸುರು ಮಾಡಿದ್ ಮೇಲೆ ಗಿಡು ಬಡ್ಕಲಾಯ್ತ್. ಅದ್ರ ಹೆಸ್ರಲ್ಲೂ ಒಂದ್ ಚೀಟಿ ಬರೀಲಿ."

ದಿನಕ್ಕೆ ಅರ್ಧ ಗಂಟೆ

ಬ್ರಹ್ಮಾವರದಿಂದ ಬರುವ ನಮ್ಮ ಈ ಡಾಕ್ಟರು ಒಳ್ಳೆಯ ಮನುಷ್ಯ, ಸ್ವಲ್ಪ ದಪ್ಪ. ಒಂದು ಸಲ ಅವರು ನಡಿಗೆಯ ಬಗ್ಗೆ ಭಾಷಣ ಇಟ್ಟುಕೊಂಡಿದ್ದರು. ಅವತ್ತು ಗೇಟಿಗೆ ಅಡ್ಡ ಲಾರಿ ನಿಂತಿತ್ತು. ಕಾರನ್ನು ಹೈವೇ ಬದಿಯಲ್ಲೇ ಬಿಟ್ಟು ಏರು ಹತ್ತಿಕೊಂಡು ಬಂದರು. ಬಂದವರಿಗೆ ಮಾತೇ ಹೊರಡುವುದಿಲ್ಲ. ಒಬ್ಬಳು ಕುರ್ಚಿ ತಂದಳು, ಇನ್ನೊಬ್ಬಳು ನೀರು, ಮತ್ತೊಬ್ಬಳು ರಟ್ಟಿನ ತುಂಡಿನಲ್ಲಿ ಗಾಳಿ ಹಾಕಿದಳು. ಸುಧಾರಿಸಿಕೊಂಡು, "ದಿನಕ್ಕೆ ಅರ್ಧ ಗಂಟೆಯಾದರೂ ನಡೆಯಬೇಕು" ಅಂತ ಶುರು ಮಾಡಿದರು.

ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಡೆದೇ ಕೆಲಸಕ್ಕೆ ಬಂದು ಹೋಗುವ ಒಬ್ಬಾಕೆ ಎದ್ದು ನಿಂತು ಕೈಮುಗಿದಳು.

"ಹಾಂಗಾರೆ ನಂದ್ ದಿನಾ ಒಂದೂವರಿ ಗಂಟಿ ಹೆಚ್ಚಾತ್ತ್ ಡಾಕ್ಟ್ರೇ. ಅದನ್ನ ನೀವ್ ತಕಣಿ!"

ಸೋಡಾ

ಇದೊಂದು ನನ್ನದೇ. ಹೇಳದೆ ಹೋದರೆ ಅನ್ನ ಉಂಡ ಮನೆಗೆ ದ್ರೋಹ ಮಾಡಿದ ಹಾಗಾಗುತ್ತದೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಕೆಲಸದವರು ತೆಕ್ಕಟ್ಟೆ ಕಡೆಯ ಒಬ್ಬ ಅಮ್ಮ. ನಾನು ಭಾಷಣಕ್ಕೆ ನಿಂತರೆ ಮೊದಲ ಸಾಲಿನಲ್ಲೇ ಕೂತು ಕಣ್ಣು ಮುಚ್ಚುವವರು. ಎದೆನೋವಿನ ಲಕ್ಷಣಗಳ ಬಗ್ಗೆ ಡಾಕ್ಟರು ಬರೆದುಕೊಟ್ಟದ್ದನ್ನು ನಾನು ಓದಿ ಹೇಳಿದ ದಿನವೂ ಅಷ್ಟೇ, ಕೊನೆಯ ತನಕ ಕಣ್ಣು ತೆರೆಯಲಿಲ್ಲ.

ಅದಾಗಿ ಹೆಚ್ಚು ದಿನ ಆಗಿರಲಿಲ್ಲ. ಚಾ ಹೊತ್ತಿಗೆ ಸ್ವಲ್ಪ ಮೊದಲು ನನಗೆ ಎದೆ ಹಿಡಿದ ಹಾಗಾಯಿತು. ಬೆಳಿಗ್ಗೆ ತಿಂದ ಗೋಳಿಬಜೆಯ ಕಿತಾಪತಿ ಅಂತ ಹಾಜರಿ ಪುಸ್ತಕದ ಮೇಲೆ ಕೈ ಊರಿ ಕೂತೆ. ಆಗ ಆ ಅಮ್ಮ ಏನೋ ಕೇಳಲು ಆಫೀಸಿಗೆ ಬಂದರು.

"ಅಮ್ಮ, ಗ್ಯಾಸ್ಟ್ರಿಕ್ ಆಯ್ತ್ ಕಾಂತ್. ಒಂದ್ ಸೋಡಾ ತರ್ಸಿ" ಅಂದೆ.

ಅವರು ಹತ್ತಿರ ಬಂದು ನನ್ನನ್ನೇ ಕಂಡರು. "ಎಂತಕ್ ಬೆವರ್ತಿದ್ರಿ?"

"ಸೆಕಿ."

"ಫ್ಯಾನ್ ತಿರ್ಗತ್ತಿತ್ತಲ್ದಾ? ಎಡಗೈ ಎಂತಕ್ ಉಜ್ಕಂತ್ರಿ?"

"ಸುಮ್ನೆ."

ಅಷ್ಟೇ. ಅಮ್ಮ ಬಾಗಿಲಿಗೆ ಹೋಗಿ ಕೂಗಿದ್ದು ಹೈವೇ ತನಕ ಕೇಳಿರಬೇಕು. "ಹ್ವಾಯ್! ಎಲ್ಲ ಬನ್ನಿ! ಭಾಷಣದಲ್ಲಿದ್ದಿದ್ ಎಲ್ಲ ರೈಟ್ರಿಗೆ ಬಂತ್!"

ನಾನೇ ಬೈಕಿನಲ್ಲಿ ಹೋಗುತ್ತೇನೆ ಅಂತ ಏಳಲು ಹೊರಟೆ. "ಕೂಕಣಿ! ಎದೆನೋವ್ ಬಂದ್ರೆ ನಡುಕಾಗ ಅಂದ್ ಭಾಷಣದಲ್ಲಿ ಹೇಳದ್ ಯಾರ್?" ಅಂತ ಗದರಿಸಿದರು. ನಾಲ್ಕು ಜನ ಕುರ್ಚಿ ಸಮೇತ ನನ್ನನ್ನು ಎತ್ತಿದರು. ಒಬ್ಬಳು ನನ್ನ ಮುಖ ಕಂಡು ಸಮಾಧಾನ ಹೇಳಿದಳು, "ಹೆದ್ರಬೇಡಿ, ಬೀಜದ ಮೂಟಿಗಿಂತ ಹಗುರ ಇದ್ರಿ." ಕಾರ್ಖಾನೆಯ ಟೆಂಪೋದ ಹಿಂಬದಿಗೆ ಕುರ್ಚಿ ಏರಿಸಿ, ಎರಡೂ ಕಡೆಯಿಂದ ಹಿಡಿದು ಕುಂದಾಪುರದ ಆಸ್ಪತ್ರೆಗೆ ತಂದರು. ದಾರಿಯುದ್ದಕ್ಕೂ ಅಮ್ಮನ ಕೈ ನನ್ನ ಭುಜದ ಮೇಲೇ ಇತ್ತು. ಗೇರು ಸುಲಿದು ಸುಲಿದು ಒರಟಾದ ಕೈ.

ಅಲ್ಲಿನ ಡಾಕ್ಟರು ಏನು ಕೇಳಿದರೂ ಉತ್ತರ ನನ್ನದಲ್ಲ. ಯಾವಾಗ ಶುರುವಾಯಿತು, ಎಲ್ಲಿ ನೋವು, ಬೆಳಿಗ್ಗೆ ಎಷ್ಟು ಗೋಳಿಬಜೆ ಹೋಯಿತು, ಎಲ್ಲ ಅಮ್ಮನೇ ಹೇಳಿದರು. ಹೃದಯದ್ದೇ ತೊಂದರೆ ಅಂತ ತಿಳಿಯಿತು, ಚಿಕಿತ್ಸೆಯಾಯಿತು, ನಾನು ಉಳಿದೆ.

ಮರುದಿನ ಡಾಕ್ಟರು ನನ್ನ ಹೆಂಡತಿಗೆ ಹೇಳಿದರು, "ಸೋಡಾ ಕುಡಿದು ಮಲಗಿದ್ದರೆ ಕಷ್ಟ ಇತ್ತು. ಕರೆದುಕೊಂಡು ಬಂದವರನ್ನು ಮರೆಯಬೇಡಿ."

ಮರೆಯುವುದುಂಟೇ! ಅವತ್ತಿನಿಂದ ಬೆಳಿಗ್ಗೆ ಎದ್ದ ಕೂಡಲೇ ನಾನು ನೆನೆಯುವುದು ದೇವರನ್ನು, ಆಮೇಲೆ ಆ ಅಮ್ಮನನ್ನು. ಕೆಲವು ದಿನ ಮೊದಲು ಅಮ್ಮನೇ.

ಕೆಲಸಕ್ಕೆ ಮರಳಿದ ದಿನ ಅವರ ಹತ್ತಿರ ಹೋಗಿ ಕಾಲು ಮುಟ್ಟಿದೆ. ಆದರೂ ಮನಸ್ಸಿನಲ್ಲಿದ್ದ ಸಂಶಯ ಕೇಳದೆ ಇರಲಾಗಲಿಲ್ಲ.

"ಅಮ್ಮ, ನಾನು ಭಾಷಣ ಮಾಡುವಾಗ ನೀವು ನಿದ್ದೆ ಮಾಡ್ತಿದ್ರಲ್ಲ. ಇಷ್ಟೆಲ್ಲ ಯಾವಾಗ ಕೇಳಿಸಿಕೊಂಡ್ರಿ?"

"ನಿದ್ದಿ ಎಂತದ್ದ್ ಮರಾಯ್ರೆ?" ಅಂದರು ಅಮ್ಮ. "ನೀವ್ ಹೇಳುದೆಲ್ಲ ಲಾಯ್ಕ್ ಇರತ್ತ್. ಆರೆ ನಿಮ್ಮ ಮುಖ ಕಂಡ್ರೆ ನಂಗ್ ನಗಿ ತಡುಕಾತಿಲ್ಲ. ಅದ್ಕೇ ಕಣ್ ಮುಚ್ಕಂಡ್ ಕೇಂತೆ!"