ಸೋಡಾದ ಗಾಳಿ ಬಿಟ್ಟವರ್ಯಾರು

ಟೈರಣ್ಣನಿಗೆ ಸಿಟ್ಟು ಬಂದಿತ್ತು. ಇದರಲ್ಲಿ ವಿಶೇಷವೇನೂ ಇಲ್ಲ, ಅವನಿಗೆ ಸಿಟ್ಟು ಬರದ ದಿನವೇ ಅಪರೂಪ. ಆದರೆ ಈ ಸಲದ ಸಿಟ್ಟಿಗೆ ತೂಕವಿತ್ತು. ಊರಿನ ಸೈಕಲ್ಲು, ಸ್ಕೂಟರು, ಲಾರಿಗಳಿಗೆಲ್ಲ ಗಾಳಿ ತುಂಬಿ ತುಂಬಿ ತಲೆ ನರೆಸಿಕೊಂಡವನು ಅವನು. ಮೀಟರಿನ ಮುಳ್ಳು ನೋಡದೆ, ಬರೀ ಹೆಬ್ಬೆರಳಿನಿಂದ ಟೈರು ಒತ್ತಿ, “ಹಿಂದಿನದರಲ್ಲಿ ಸ್ವಲ್ಪ ಕಮ್ಮಿ ಇದೆ” ಎಂದು ಹೇಳಬಲ್ಲವನು. ಅಂಥವನ ಸ್ವಂತ ಅಡುಗೆಮನೆಯಲ್ಲಿ, ಅವನೇ ಕೈಯಾರೆ ಮಾಡಿಟ್ಟ ಸೋಡಾ ಬಾಟಲಿಗಳಲ್ಲಿ, ಗಾಳಿ ನಿಲ್ಲುತ್ತಿರಲಿಲ್ಲ.

ಈ ಸೋಡಾದ ಹುಚ್ಚು ಹತ್ತಿಸಿದ್ದು ಅವನ ಟೈರ್ ಅಂಗಡಿಯ ಎದುರಿಗೇ ಹೊಸದಾಗಿ ಬಾಗಿಲು ತೆರೆದ ಸೋಡಾ ಅಂಗಡಿ. ಅಲ್ಲಿ ಬೀಟ್‌ರೂಟಿನ ಸೋಡಾ, ಸೌತೆಕಾಯಿಗೆ ಕರಿಮೆಣಸು ಹಾಕಿದ ಸೋಡಾ, ಸುಟ್ಟ ಕಿತ್ತಳೆ ಸಿಪ್ಪೆಯ ಸೋಡಾ. (ಸಿಪ್ಪೆಯನ್ನು ಯಾಕೆ ಸುಡಬೇಕು ಎಂದು ಕೇಳಿದರೆ ಅಂಗಡಿಯವನು ಕಣ್ಣು ಮುಚ್ಚಿಕೊಂಡು ನಗುತ್ತಿದ್ದ, ಅಷ್ಟೆ.) ಟೈರಣ್ಣ ಮೊದಲನೆಯದನ್ನು ಬೈಯಲಿಕ್ಕೆಂದೇ ಕುಡಿದ. ಎರಡನೆಯದನ್ನು, ಬೈದದ್ದು ಸರಿಯೇ ಎಂದು ಖಚಿತ ಮಾಡಿಕೊಳ್ಳಲು ಕುಡಿದ. ವಾರ ಕಳೆಯುವಷ್ಟರಲ್ಲಿ ಗ್ರೀಸು ಮೆತ್ತಿದ ಕೈಯಲ್ಲಿ ಗ್ಲಾಸು ಹಿಡಿದು, “ಸೌತೆಕಾಯಿ ಮೊದಲು ಮೂಗಿಗೆ ಬರಬೇಕು, ಮೆಣಸು ಆಮೇಲೆ ಗಂಟಲಿಗೆ ಬರಬೇಕು” ಎಂದು ತನ್ನ ಗಿರಾಕಿಗಳಿಗೆ ಉಪದೇಶ ಮಾಡತೊಡಗಿದ. ಪಂಕ್ಚರ್ ಹಾಕಿಸಲು ಬಂದವರು ಬೇರೆ ದಾರಿಯಿಲ್ಲದೆ ಕೇಳುತ್ತಿದ್ದರು.

ಉಪದೇಶ ಮಾಡುವವನಿಗೆ ತೆಪ್ಪಗಿರಲು ಬರುವುದಿಲ್ಲ. ಒಂದು ಸಂಜೆ ಶುಂಠಿ ಸೋಡಾ ಕುಡಿದು, “ಇದರಲ್ಲಿ ಗಾಳಿ ಸಾಲದು ಕಣಯ್ಯ” ಎಂದುಬಿಟ್ಟ.

ಸೋಡಾ ಅಂಗಡಿಯವನು ಅಷ್ಟೂ ಜನರ ಎದುರಿಗೆ ಹೇಳಿದ: “ಅಣ್ಣಾ, ಸೋಡಾ ಅಂದ್ರೆ ಪಂಪಲ್ಲಿ ಗಾಳಿ ಹೊಡೆಯೋದಲ್ಲ. ಅದು ಒಳಗಿಂದ ತಾನಾಗೇ ಹುಟ್ಟಬೇಕು. ಟೈರಿನೋರಿಗೆ ಅದೆಲ್ಲ ಅರ್ಥ ಆಗಲ್ಲ ಬಿಡಿ.”

ಜನ ನಕ್ಕರು. ಟೈರಣ್ಣನ ಕಿವಿ ಕೆಂಪಾಯಿತು. “ಬರೋ ತಿಂಗಳು ಮೊದಲ್ನೇ ಭಾನುವಾರ ನಮ್ಮನೆಗೆ ಬಾ. ನಾನು ಮಾಡಿದ ಶುಂಠಿ ಸೋಡಾ ಕುಡಿ. ಅದರ ಗಾಳಿಗೆ ನಿನ್ನ ಮೂಗಲ್ಲಿ ನೀರು ಬರದಿದ್ರೆ, ನಿನ್ನ ಅಂಗಡಿ ಮೆಟ್ಟಿಲು ಇನ್ನೊಂದು ಸಲ ಹತ್ತೋದಿಲ್ಲ” ಎಂದು ಸವಾಲು ಹಾಕಿದ. ಹಾಕಿ ರಸ್ತೆ ದಾಟಿದ ಮೇಲೆ, ಹಾಗಾದರೆ ಬೀಟ್‌ರೂಟ್ ಸೋಡಾದ ಗತಿ ಏನು ಎಂಬುದು ಹೊಳೆಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಗಿಯರು ಅವನ ಗಾಡಿಯಲ್ಲಿ ಇರಲಿಲ್ಲ.

ಮಾರನೆಯ ದಿನವೇ ಮನೆಯಲ್ಲಿ ಮಹಾಸಂಶೋಧನೆ ಆರಂಭವಾಯಿತು. ಶುಂಠಿ ತುರಿದು, ಸಕ್ಕರೆ ನೀರಿನಲ್ಲಿ ಕುದಿಸಿ, ಆರಿಸಿ, ನಿಂಬೆರಸ ಹಿಂಡಿ, ಒಂದು ಚಿಟಿಕೆ ಯೀಸ್ಟ್ ಉದುರಿಸಿ, ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮುಚ್ಚಳ ಬಿಗಿಯುವುದು. ಬಾಟಲಿ ಬೆಚ್ಚಗಿರಬೇಕೆಂದು ಒಲೆಯ ಪಕ್ಕದ ಕಟ್ಟೆಯನ್ನು ವಶಪಡಿಸಿಕೊಂಡ. ಅಲ್ಲಿದ್ದ ಉಪ್ಪು, ಎಣ್ಣೆ, ಸಕ್ಕರೆ ಡಬ್ಬಿಗಳೆಲ್ಲ ಕಿಟಕಿಗೆ ಗುಳೆ ಹೋದವು. ಒಳಗೆ ಗಾಳಿ ಹುಟ್ಟಿದಂತೆಲ್ಲ ಬಾಟಲಿ ಬಿಗಿಯುತ್ತಾ ಬರುತ್ತದೆ, ಕಲ್ಲಿನಂತಾದಾಗ ಫ್ರಿಜ್ಜಿಗೆ ಸಾಗಿಸಬೇಕು. ಒತ್ತಿ ನೋಡಲು ಹೆಬ್ಬೆರಳು ಇದ್ದೇ ಇತ್ತು.

ಆದರೆ ಬೆಳಿಗ್ಗೆ ಬಿಗಿಯಾಗಿದ್ದ ಬಾಟಲಿ ಸಂಜೆ ಒತ್ತಿದರೆ ಮೆತ್ತಗೆ. ಮರುದಿನವೂ ಮೆತ್ತಗೆ. ಟೈರಣ್ಣ ಯೀಸ್ಟ್ ಮಾರಿದವನ ಹತ್ತಿರ ಹೋಗಿ ಬಾಯಿಗೆ ಬಂದಂತೆ ಬೈದ. ಆಮೇಲೆ ಮುಚ್ಚಳ ಮಾಡಿದವನನ್ನು, ಅವನು ಎಲ್ಲಿದ್ದಾನೋ ಗೊತ್ತಿಲ್ಲದೆ, ಮನೆಯಲ್ಲೇ ಕೂತು ಬೈದ. ಕೊನೆಗೆ ಟೈರಿನವನು ಏನು ಮಾಡುತ್ತಾನೋ ಅದನ್ನೇ ಮಾಡಿದ. ಅಂಗಡಿಯಿಂದ ಪಂಕ್ಚರ್ ನೋಡುವ ನೀರಿನ ಬೋಗುಣಿಯನ್ನು ಹೊತ್ತು ತಂದು ಅಡುಗೆಮನೆಯ ನಟ್ಟನಡುವೆ ಇಟ್ಟು, ಒಂದೊಂದೇ ಬಾಟಲಿಯನ್ನು ಮುಳುಗಿಸಿ, ಗುಳ್ಳೆ ಬರುತ್ತದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದ.

“ಆ ಕೊಳಕು ಬೋಗುಣಿ ಇಲ್ಯಾಕೆ ತಂದ್ರಿ?” ಎಂದಳು ಹೆಂಡತಿ.

“ಲೀಕ್ ಹುಡುಕ್ತಿದ್ದೀನಿ.”

“ಸಿಕ್ತಾ?”

“ಒಂದು ಗುಳ್ಳೆನೂ ಇಲ್ಲ. ಲೀಕ್ ಇಲ್ಲ, ಗಾಳಿನೂ ಇಲ್ಲ ಅಂದ್ರೆ ಏನರ್ಥ? ಈ ಮನೇಲಿ ಕಳ್ಳರಿದ್ದಾರೆ.”

ಹೆಂಡತಿ ಹುರುಳಿಕಾಯಿ ಬಿಡಿಸುವುದರಲ್ಲಿ ವಿಪರೀತ ಆಸಕ್ತಿ ತೋರಿಸಿದಳು. ಟೈರಣ್ಣನಿಗೆ ಅಷ್ಟು ಸಾಕಾಯಿತು.

ಅದೇ ಸಂಜೆ ಅಂಗಡಿಗೆ ಹೊರಟವನಂತೆ ನಟಿಸಿ, ಹಿಂದಿನ ಬಾಗಿಲಿನಿಂದ ಬಂದು ಉಗ್ರಾಣದಲ್ಲಿ ಅಡಗಿದ. ಮೊದಲು ಹೆಂಡತಿ ಬಂದಳು. ಬಾಟಲಿಗಳ ಮುಚ್ಚಳವನ್ನು ಒಂದೊಂದಾಗಿ ಚೂರೇ ಚೂರು ತಿರುಗಿಸಿದಳು. ಸ್ಸ್ ಎಂದಿತು. ಮತ್ತೆ ಬಿಗಿದು ಹೋದಳು. ಆಮೇಲೆ ಬಂದದ್ದು ಮಾವ. ಜೀವಮಾನವೆಲ್ಲ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಲೈನು ಖಾಲಿ ಎಂದು ಖಾತ್ರಿಯಾದ ಮೇಲೆ ಮುಚ್ಚಳಕ್ಕೆ ಕೈ ಹಾಕಿದರು. ಸ್ಸ್. ಅವರ ಬೆನ್ನಿಗೇ ನರ್ಸಿಂಗ್ ಓದುವ ಮಗಳು ಬಂದು, ನಾಜೂಕಾಗಿ, ರೋಗಿಯ ಬ್ಯಾಂಡೇಜು ಸಡಿಲಿಸುವ ಹಾಗೆ ಸಡಿಲಿಸತೊಡಗಿದಳು. ಆಗ ಟೈರಣ್ಣ ಉಗ್ರಾಣದ ಬಾಗಿಲು ಒದ್ದುಕೊಂಡು ಹೊರಗೆ ಬಂದ.

“ನನ್ನ ಮನೆ, ನನ್ನ ಶುಂಠಿ, ನನ್ನ ಗಾಳಿ. ಬಿಡೋಕೆ ನೀವ್ಯಾರು?”

ಹೋಗಿದ್ದ ಇಬ್ಬರೂ ಗದ್ದಲ ಕೇಳಿ ವಾಪಸು ಬಂದರು. “ನೀವಂತೂ ಬಿಡಲ್ಲ, ಅದಕ್ಕೇ ನಾನು ಬಿಟ್ಟೆ” ಎಂದಳು ಹೆಂಡತಿ. “ಹೋದ ವರ್ಷ ಲಾರಿ ಟೈರ್ ಸಿಡಿದು ನಿಮ್ಮ ಅಂಗಡಿ ತಗಡು ಹಾರಿ ಮರದಲ್ಲಿ ಸಿಕ್ಕಾಕೊಂಡಿದ್ದು ಮರೆತುಹೋಯ್ತಾ? ಒಲೆ ಮುಂದೆ ನಿಲ್ಲೋಳು ನಾನು.”

“ನನ್ನ ಮಂಚ ಈ ಗೋಡೆ ಆಚೆಗೇ ಇರೋದು, ಅಳಿಯಂದ್ರೆ” ಎಂದರು ಮಾವ. “ನನ್ನ ತಲೆಗೂ ನಿಮ್ಮ ಸೋಡಾಗೂ ಮಧ್ಯೆ ಇರೋದು ಒಂದೇ ಇಟ್ಟಿಗೆ.”

“ನಾನೊಬ್ಳೇ ಬಿಡ್ತಿದ್ದೀನಿ ಅಂದ್ಕೊಂಡಿದ್ದೆ” ಎಂದಳು ಮಗಳು.

“ನಾನೂ ಹಾಗೇ ಅಂದ್ಕೊಂಡಿದ್ದೆ” ಎಂದರು ಉಳಿದಿಬ್ಬರು, ಒಬ್ಬರ ಮುಖ ಒಬ್ಬರು ನೋಡಿಕೊಂಡು.

“ಹೆದರುಪುಕ್ಕಲರು” ಎಂದು ಟೈರಣ್ಣ ಗುಡುಗಿದ. “ಇಡೀ ಮನೆ ತುಂಬ ಹೆದರುಪುಕ್ಕಲರೇ. ಭಾನುವಾರ ಅವನೆದುರು ನನ್ನ ಮಾನ ಹೋದ್ರೆ ನಿಮಗೇನು?” ಎಂದು ಇದ್ದ ಸೋಡಾವನ್ನೆಲ್ಲ ಮೋರಿಗೆ ಸುರಿದು, ಅದೇ ಆವೇಶದಲ್ಲಿ ಹೊಸದಾಗಿ ಮಾಡಿದ. ಸಿಟ್ಟಿನ ಕೈಯಲ್ಲವೇ, ಸಕ್ಕರೆಯೂ ಯೀಸ್ಟೂ ಎರಡರಷ್ಟು ಬಿದ್ದವು. ಆಮೇಲೆ ಜೇಬಿನಿಂದ ತನ್ನ ಬ್ರಹ್ಮಾಸ್ತ್ರ ತೆಗೆದ. ಟ್ಯೂಬಿನಲ್ಲಿ ತೂತಾದ ಕಡೆ ಗುರುತು ಹಾಕುವ ಹಳದಿ ಮೇಣದ ಬಳಪ ಅದು. ಪ್ರತಿ ಮುಚ್ಚಳಕ್ಕೂ ದಪ್ಪಗೆ ಬಳಿದ.

“ಇದನ್ನ ಮುಟ್ಟಿದ್ರೆ ಕೈ ಹಳದಿ ಆಗುತ್ತೆ. ಸೋಪು ಹಾಕಿ ಎಷ್ಟು ತಿಕ್ಕಿದ್ರೂ ಹೋಗಲ್ಲ. ಭಾನುವಾರ ಎಲ್ಲರ ಕೈನೂ ನೋಡ್ತೀನಿ.”

ಅಲ್ಲಿಂದ ಮನೆಯಲ್ಲಿ ಯಾರೂ ಬಾಟಲಿಗಳ ಗೋಜಿಗೆ ಹೋಗಲಿಲ್ಲ. ಮಾವ ಮಂಚವನ್ನು ನಡುಮನೆಗೆ ಎಳೆದುಕೊಂಡರು. ಹೆಂಡತಿ ಎಡಗೈಯಲ್ಲಿ ದೊಡ್ಡ ತಟ್ಟೆಯೊಂದನ್ನು ಗುರಾಣಿಯ ಹಾಗೆ ಹಿಡಿದು, ಬಲಗೈಯಲ್ಲಿ ಸಾರು ಕದಡಿದಳು. ಮಗಳಿಗೆ ಇದ್ದಕ್ಕಿದ್ದಂತೆ ಕಾಲೇಜಿನ ಕ್ಯಾಂಟೀನಿನ ಊಟ ಇಷ್ಟವಾಯಿತು. ಟೈರಣ್ಣ ಮಾತ್ರ ಮೀಸೆ ತಿರುವುತ್ತಾ ಓಡಾಡಿದ.

ಭಾನುವಾರ ಬೆಳಿಗ್ಗೆ ಎಲ್ಲರೂ ನಡುಮನೆ ಗುಡಿಸಿ ಒರೆಸುತ್ತಿದ್ದಾಗ, ಅವನು ಬಾಟಲಿಗಳನ್ನು ಫ್ರಿಜ್ಜಿಗಿಡಲು ಒಬ್ಬನೇ ಅಡುಗೆಮನೆಗೆ ಹೋದ. ಬಾಟಲಿಗಳ ತಳ ಉಬ್ಬಿ, ಅವು ನೆಟ್ಟಗೆ ನಿಲ್ಲಲಾರದೆ ಒಂದಕ್ಕೊಂದು ಒರಗಿಕೊಂಡಿದ್ದವು. ಹೆಬ್ಬೆರಳಿನಿಂದ ಒತ್ತಿದ. ಒಂದಿಷ್ಟೂ ಬಗ್ಗಲಿಲ್ಲ. ಇದು ಸ್ಕೂಟರಿನ ಗಾಳಿಯಲ್ಲ, ಕಾರಿನದೂ ಅಲ್ಲ ಎಂದಿತು ಹೆಬ್ಬೆರಳು. ಇಂಥದೇ ಬಿಗಿಯನ್ನು ಅದು ಹಿಂದೆ ಒಂದೇ ಒಂದು ಸಲ ಮುಟ್ಟಿ ನೋಡಿತ್ತು. ಅಂಗಡಿಯ ತಗಡು ಹಾರುವ ಸ್ವಲ್ಪ ಮೊದಲು.

ಟೈರಣ್ಣ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡ. ಯಾರನ್ನಾದರೂ ಬೈಯೋಣವೆಂದರೆ ಬೈಯಲು ಯಾರೂ ಇರಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. ಮುಚ್ಚಳವನ್ನು ಚೂರೇ ಚೂರು ತಿರುಗಿಸಿದ. ಸ್ಸ್ ಎಂದಿತು. ಜೀವಕ್ಕೆ ಎಷ್ಟು ಹಿತವೆನಿಸಿತೆಂದರೆ, ಇನ್ನೊಂದು ಚೂರು ತಿರುಗಿಸಿದ. ಹೆದರಿದವನ ಕೈಗೆ ಅಳತೆ ಎಲ್ಲಿಂದ ಬರಬೇಕು, ಅಷ್ಟೂ ಬಾಟಲಿಗಳಿಂದ ಸುಯ್ಯೆಂದು ಗಾಳಿ ಹೋಗಿ, ಅವು ಪೂರ್ತಿ ಮೆತ್ತಗಾದ ಮೇಲೆಯೇ ನಿಂತದ್ದು. ಬಿಗಿದು ಫ್ರಿಜ್ಜಿಗಿಟ್ಟು, ಏನೂ ಆಗದವನ ಹಾಗೆ ಹೊರಗೆ ಬಂದ.

ಸೋಡಾ ಅಂಗಡಿಯವನು ಹೇಳಿದ ಹೊತ್ತಿಗೆ ಬಂದ. ಟೈರಣ್ಣ ಮುಚ್ಚಳವನ್ನು ಬಟ್ಟೆಯಿಂದ ಹಿಡಿದು ತೆಗೆದು, ತಾನೇ ಗ್ಲಾಸಿಗೆ ಸುರಿದು ಕೊಟ್ಟ. ಅವನು ಮೂಸಿದ, ಒಂದು ಗುಟುಕು ಕುಡಿದ, ಕಣ್ಣು ಮುಚ್ಚಿದ.

“ಶುಂಠಿ ಹದವಾಗಿದೆ, ನಿಂಬೆನೂ ಸರಿಯಾಗಿದೆ. ಸುಳ್ಳು ಯಾಕೆ ಹೇಳಲಿ, ರುಚಿ ನಂದಕ್ಕಿಂತ ಒಂದು ಕೈ ಮೇಲೇ ಇದೆ” ಎಂದ. ಟೈರಣ್ಣನ ಎದೆ ಉಬ್ಬಿತು. “ಆದ್ರೆ ಅಣ್ಣಾ, ಗಾಳಿ ಎಲ್ಲಿ?”

ಆಗಲಾದರೂ ಸುಮ್ಮನಿರಬಹುದಿತ್ತು. ಆದರೆ ಸಿಟ್ಟಿನ ಚಟ ಬುದ್ಧಿಗಿಂತ ಮುಂದೆ ಓಡಿತು. “ನನ್ನ ಕೇಳಬೇಡ, ಇವರನ್ನ ಕೇಳು” ಎಂದು ಮೂವರ ಕಡೆಗೂ ಕೈ ತೋರಿಸಿದ. “ಹೆದರುಪುಕ್ಕಲರು. ಗಾಳಿ ಬಿಡೋದೇ ಇವರ ಕಸುಬು.”

ಹೆಂಡತಿ ಎರಡೂ ಕೈ ಮುಂದೆ ಚಾಚಿದಳು. ಮಗಳೂ ಚಾಚಿದಳು. ಮಾವ ಅಂಗೈ ತೋರಿಸಿ, ತಿರುವಿ, ಮತ್ತೆ ತೋರಿಸಿದರು. ಮೂವರ ಕೈಯೂ ಸ್ವಚ್ಛವಾಗಿತ್ತು. ಏನೂ ಅರ್ಥವಾಗದ ಸೋಡಾ ಅಂಗಡಿಯವನು ಗ್ಲಾಸನ್ನು ಬೆಳಕಿಗೆ ಹಿಡಿದು, “ಇದೇನು, ಗ್ಲಾಸಿನ ಮೇಲೆ ಹಳದಿ ಹೂವಾ?” ಎಂದ.

ಹೂವಲ್ಲ. ದಪ್ಪನೆಯ, ಅಗಲವಾದ, ಗೆರೆ ಗೆರೆಯೂ ಎದ್ದು ಕಾಣುವ ಹೆಬ್ಬೆರಳಿನ ಗುರುತು. ಅದೇ ಗುರುತು ಟೈರಣ್ಣನ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಗುಂಡಿಯ ಮೇಲಿತ್ತು, ಮೀಸೆಯ ತುದಿಯಲ್ಲೂ ಇತ್ತು. ಅವನು ಕೈಯನ್ನು ಜೇಬಿಗೆ ತುರುಕಿಕೊಂಡ.

“ಅಷ್ಟೊಂದು ಹೆದರಿಕೆ ಆಯ್ತಾ ರೀ?” ಎಂದು ಹೆಂಡತಿ ಮೆಲ್ಲಗೆ ಕೇಳಿದಳು. ಅವಳು ಜಗಳ ಆಡಿದ್ದರೆ ಎಷ್ಟೋ ವಾಸಿಯಾಗಿತ್ತು.

ಮರುದಿನ ಟೈರಣ್ಣ ರಸ್ತೆಯ ಆಚೆಗೆ ತಲೆ ಎತ್ತಿಯೂ ನೋಡದೆ, ಹಳದಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಒಂದೇ ಕೈಯಲ್ಲಿ ಪಂಪು ಹೊಡೆಯುತ್ತಿದ್ದ. ಸೋಡಾ ಅಂಗಡಿಯವನು ತಾನೇ ಮೆಟ್ಟಿಲು ಇಳಿದು, ರಸ್ತೆ ದಾಟಿ ಬಂದು, ಅಷ್ಟೂ ಗಿರಾಕಿಗಳ ಮುಂದೆ ಬೀಟ್‌ರೂಟ್ ಸೋಡಾದ ಬಾಟಲಿಯೊಂದನ್ನು ಟೈರಣ್ಣನತ್ತ ಚಾಚಿದ.

“ಕುಡೀರಿ ಅಣ್ಣಾ. ಹೆದರಬೇಡಿ, ಗಾಳಿ ನಾನೇ ಬಿಟ್ಟು ತಂದಿದ್ದೀನಿ.”

ಟೈರಣ್ಣನಿಗೆ ಅವನನ್ನು ಪಂಪಿನಿಂದ ಹೊಡೆಯುವಷ್ಟು ಸಿಟ್ಟು ಬಂತು. ಬಾಟಲಿಯನ್ನು ಕಿತ್ತುಕೊಂಡು, ಅಭ್ಯಾಸಬಲದಿಂದ ಹೆಬ್ಬೆರಳಿನಿಂದ ಒತ್ತಿ ನೋಡಿದ. ಮೆತ್ತಗಿತ್ತು. ಪೂರ್ತಿ ಕುಡಿದು ಮುಗಿಸಿದ.