ಎಲ್ಲರೂ ಮತ್ತೊಮ್ಮೆ ತೀರಿಕೊಂಡ ದಿನ

ಸಾವಿನ ಕಾರ್ಡು ಅಚ್ಚು ಹಾಕೋನ ಅಂಗಡೀಲಿ ನಗು ಎಲ್ಲಿಂದ ಬರುತ್ತೆ ಅಂತ ಕೇಳೋರಿದಾರೆ. ಬರುತ್ತೆ ಸ್ವಾಮಿ, ಬೇಡ ಅಂದ್ರೂ ಬರುತ್ತೆ. ನಾನೇನು ಕರೆಯಾಕೆ ಹೋಗಲ್ಲ.

ಚನ್ನಗಿರಿ ಬಸ್ ಸ್ಟ್ಯಾಂಡ್ ಹತ್ರ ನಂದೊಂದು ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡೂ ಹಾಕ್ತೀನಿ, ಸತ್ತೋರ ಶಿವಗಣಾರಾಧನೆ ಕಾರ್ಡೂ ಹಾಕ್ತೀನಿ. ಕಾರ್ಡು ಹಂಚಿ ಮುಗಿಯೋ ಹೊತ್ತಿಗೆ ಮಣ್ಣು ಮುಗಿದೇ ಹೋಗಿರುತ್ತೆ, ಅರ್ಧ ಜನಕ್ಕೆ ಸುದ್ದೀನೇ ಮುಟ್ಟಲ್ಲ ಅಂತ ನನ್ನ ಹೆಂಡತಿ ಒಂದು ವೆಬ್‌ಸೈಟ್ ಮಾಡಿಸಿದಳು. ನಮ್ಮೂರು ಚನ್ನಗಿರಿ, ಅವಳ ತಂಗೀನ ಕೊಟ್ಟಿರೋದು ಹೊನ್ನಾಳಿ, ನಮ್ಮಕ್ಕ ಇರೋದು ನ್ಯಾಮತಿ, ಹೆಂಡತಿ ತವರು ಜಗಳೂರು. ಈ ನಾಲ್ಕು ತಾಲ್ಲೂಕಲ್ಲಿ ಯಾರು ತೀರಿಕೊಂಡ್ರೂ ಫೋಟೋ ಸಮೇತ ಅದರಲ್ಲಿ ಹಾಕೋದು. ಹಾಕಿದ ತಕ್ಷಣ, ನಂಬರ್ ಕೊಟ್ಟವರ ಮೊಬೈಲಿಗೆಲ್ಲ ಮೆಸೇಜು ಹೋಗೋದು. ಒಂದೊಂದು ಅಕ್ಷರಾನೂ ಅವಳೇ ಟೈಪ್ ಮಾಡ್ತಿದ್ದಳು. ಮೂರು ವರ್ಷದ ಹಿಂದೆ ಅವಳದನ್ನ ನಾನು ಟೈಪ್ ಮಾಡಿದೆ.

ಅವತ್ತು ನಾನು ಅಳಲಿಲ್ಲ. ಕಾರ್ಡು ಅಚ್ಚಾಗಬೇಕಿತ್ತು, ಕೆಲಸ ಇತ್ತು. ಆಮೇಲೆ ಆ ಪುಟ ಒಂದು ಸಲಾನೂ ತೆಗೆದು ನೋಡಲಿಲ್ಲ. ಅದರ ಕೆಳಗೆ ಜನ ಏನೇನೋ ಬರೆದಾರೆ ಅಂತ ಕೇಳಿದ್ದೆ, ಓದಾಕೆ ಧೈರ್ಯ ಬರಲಿಲ್ಲ.

ಹಿಂಗಿರುವಾಗ ನಮ್ಮ ಸೈಟ್ ಇಟ್ಟಿದ್ದ ಸರ್ವರಿನೋರು, ತಿಂಗಳ ಕೊನೆಗೆ ಬಾಗಿಲು ಹಾಕ್ತೀವಿ, ನಿಮ್ಮದನ್ನೆಲ್ಲ ಬೇರೆ ಕಡೆ ಸಾಗಿಸ್ಕೊಳ್ಳಿ ಅಂದ್ರು. ಸಾಗಿಸದಿದ್ರೆ ಅವಳ ಪುಟಾನೂ ಹೋಗುತ್ತೆ. ನೋಡದೇ ಇದ್ರೂ ಅದು ಇರಬೇಕಿತ್ತು ನನಗೆ. ಇಂಟರ್‌ನೆಟ್‌ನಲ್ಲೇ ಹುಡುಕಿ, ಮನೇಲೇ ಕೂತು ಇಂಥ ಕೆಲಸ ಮಾಡೋ ಒಬ್ಬ ಮೇಡಂನ ಹಿಡಿದೆ. ಆಯಮ್ಮ ಇರೋದು ಎಲ್ಲೋ ದೂರದ ಗುಡ್ಡದೂರಲ್ಲಿ. ಕನ್ನಡ ಒಂದಕ್ಷರ ಬರಲ್ಲ. ನನ್ನ ಹಿಂದಿನೋ, ಸಂತೇಲಿ ಈರುಳ್ಳಿ ತಗಳ್ಳಾಕೆ ಸಾಕಾಗೋ ಅಷ್ಟು.

ಬೀಗ

ಮೊದಲನೇ ದಿನವೇ ಮೇಡಂ ಪಾಸ್‌ವರ್ಡ್ ಕೇಳಿದ್ರು. ಅಂಗಡಿ ಕಂಪ್ಯೂಟರಲ್ಲಿ ಅವಳು ತೆಗೆದಿಟ್ಟಿದ್ದ ಸೈಟಲ್ಲೇ ನಾನು ಇಷ್ಟು ದಿನ ಟೈಪ್ ಮಾಡ್ತಿದ್ದೆ, ಪಾಸ್‌ವರ್ಡ್ ಗೊತ್ತಿದ್ದೋಳು ಹೋಗಿದ್ದಳು. ಪಾಸ್‌ವರ್ಡ್ ಮರೆತೋರಿಗೆ ಸೈಟೇ ಒಂದು ಪ್ರಶ್ನೆ ಕೇಳುತ್ತಂತೆ, ಹಿಂದೆ ಅವಳು ಕೊಟ್ಟಿದ್ದ ಉತ್ತರಾನೇ ಹೇಳಬೇಕಂತೆ. ಪ್ರಶ್ನೆ: ನಿಮಗೆ ಇಷ್ಟವಾದ ತಿಂಡಿ ಯಾವುದು?

"ಐದು ಸಲ ತಪ್ಪಾದ್ರೆ ಬಾಗಿಲು ಮುಚ್ಚುತ್ತೆ ಸರ್, ಹುಷಾರು," ಅಂದ್ರು ಮೇಡಂ.

ಹೋಳಿಗೆ ಅಂದೆ, ತಪ್ಪು. ಅವಲಕ್ಕಿ, ತಪ್ಪು. ಶಾವಿಗೆ ಪಾಯಸ, ಅದೂ ತಪ್ಪು. ಇಪ್ಪತ್ತೆಂಟು ವರ್ಷ ಅವಳ ಕೈಲಿ ಉಂಡಿದೀನಿ, ಅವಳಿಗೆ ಏನು ಇಷ್ಟ ಅಂತ ಗೊತ್ತಿಲ್ಲ! ನಾಚಿಕೆ ಬಿಟ್ಟು ಹೊನ್ನಾಳಿಗೆ, ಅವಳ ತಂಗಿಗೆ ಫೋನ್ ಹಚ್ಚಿದೆ. "ಅಕ್ಕ ಎಲ್ಲರಿಗೂ ಬಡಿಸಿ ಉಳಿದಿದ್ದು ತಿಂತಿದ್ದಳು ಭಾವ. ಉಪ್ಪಿಟ್ಟು ಅನ್ನಿ ನೋಡಾಣ," ಅಂದಳು. ಅದೂ ತಪ್ಪು.

ಉಳಿದಿದ್ದು ಒಂದೇ ಸಲ. ಮೂರು ದಿನ ಸುಮ್ಮನೆ ಕೂತೆ. ಆಮೇಲೆ ಏನೋ ಹೊಳೆದು, ಮಂಡಕ್ಕಿ ಮೆಣಸಿನಕಾಯಿ ಅಂತ ಹಾಕಿಸಿದೆ. ಬಾಗಿಲು ತೆಗೀತು. ಅದು ಅವಳ ತಿಂಡಿ ಅಲ್ಲ, ನಂದು. ಎಣ್ಣೇಲಿ ಕರಿದಿದ್ದು ತಿನ್ನಬೇಡ್ರೀ ಅಂತ ದಿನಾ ಬೈದು ಬೈದು, ಕೊನೆಗೆ ಬೀಗಕ್ಕೆ ಅದನ್ನೇ ಕೀಲಿ ಮಾಡಿದ್ದಳು ಪುಣ್ಯಾತ್ಗಿತ್ತಿ.

ಮೇಡಂ ಕೊಟ್ಟ ಸಲಹೆ

ಎರಡು ದಿನ ಕೆಲಸ ಮಾಡಿದ ಮೇಲೆ ಮೇಡಂ ಫೋನ್ ಮಾಡಿದ್ರು. "ಸರ್, ಸೈಟ್ ಚೆನ್ನಾಗೈತೆ. ಫೋಟೋ, ವಯಸ್ಸು, ಊರು, ಮನೆತನ, ಊಟದ ದಿನ, ಎಲ್ಲಾ ಒಳಗೆ ಇಂಗ್ಲಿಷ್ ಹೆಸರಿಟ್ಟು ನೀಟಾಗಿ ಹಾಕಿದೀರಿ. ಆದ್ರೆ ವಯಸ್ಸಾದೋರೇ ಜಾಸ್ತಿ ಇದಾರೆ. ಹುಡುಗ ಹುಡುಗೀರ ಫೋಟೋ ಹಾಕಿಸಿದ್ರೆ ಸಂಬಂಧ ಬೇಗ ಕೂಡಿ ಬರ್ತಾವೆ."

ಆಯಮ್ಮ ಅದನ್ನ ವಧು ವರರ ಸೈಟ್ ಅಂತ ತಿಳ್ಕೊಂಡಿದ್ರು!

"ಹಂಗನ್ನಬೇಡ್ರಿ ಮೇಡಂ, ಹುಡುಗರ ಫೋಟೋ ಬರೋದೇ ಬೇಡ," ಅಂತ ನನ್ನ ಸಂತೆ ಹಿಂದೀಲಿ ವಿಷಯ ಬಿಡಿಸಿ ಹೇಳಿದೆ. ಮೇಡಂ ಸಣ್ಣ ದನೀಲಿ ಕೇಳಿದ್ರು: "ಸರ್, ಅಂಗಳದ ತುಳಸಿ ಹತ್ರ ನಿಂತು ನಗ್ತಾ ಇರೋ ಅಮ್ಮ... ಅವರೂನಾ?"

ಆ ಫೋಟೋ ತೆಗೆದವನು ನಾನೇ. "ಹೂಂ, ಅವಳೂನೂ," ಅಂದೆ.

ಉಬ್ರಾಣಿ ಯಜಮಾನರು

ಉಬ್ರಾಣಿಯಲ್ಲಿ ಒಬ್ಬ ಯಜಮಾನರಿದಾರೆ. ದಿನಾ ಬೆಳಗ್ಗೆ ಕಾಫಿ ಕುಡೀತಾ ನಮ್ಮ ಸೈಟ್ ನೋಡ್ತಾರೆ. ತಮ್ಮ ಫೋಟೋ ಇಲ್ಲ ಅಂತ ಖಾತ್ರಿ ಮಾಡ್ಕೊಂಡ ಮೇಲೇನೇ ಸ್ನಾನಕ್ಕೆ ಹೋಗೋದಂತೆ. ಸಾಗಿಸೋ ಕೆಲಸಕ್ಕೆ ಅಂತ ಸೈಟ್ ಒಂದು ದಿನ ಬಂದ್ ಇತ್ತು. ಅವತ್ತು ಫೋನ್ ಮಾಡಿದ್ರು: "ಏನಪ್ಪಾ, ಇವತ್ತು ನಾಲ್ಕು ತಾಲ್ಲೂಕಲ್ಲೂ ಯಾರೂ ಹೋಗಿಲ್ವಾ? ಬಾಳ ಸಂತೋಷ ಆತು ನೋಡು!"

ಮಾರನೇ ದಿನ ಅವರ ಸಂತೋಷ ಪೂರಾ ಇಳೀತು.

ಎಲ್ಲರೂ ಒಂದೇ ದಿನ

ಬೆಳಗ್ಗೆ ಏಳಕ್ಕೆ ಹೊಸ ಸರ್ವರಿಂದ ಸೈಟ್ ಶುರುವಾತು. ಎಲ್ಲಾ ಪುಟಾನೂ ಬಂದಿದ್ವು, ಒಂದೂ ಕಳೆದಿರಲಿಲ್ಲ. ಆದ್ರೆ ಕನ್ನಡ ಓದಾಕೆ ಬರದ ಮೇಡಂ ಎಲ್ಲೋ ಒಂದು ಕಡೆ ತಪ್ಪಿ, ಅಷ್ಟೂ ಜನಕ್ಕೆ ಅವತ್ತಿನ ತಾರೀಖೇ ಬಿದ್ದಿತ್ತು. ಹೊಸ ಸುದ್ದಿ ಅಂತ ತಿಳ್ಕೊಂಡು ಸೈಟು ಎಲ್ಲರ ಮೊಬೈಲಿಗೂ ಮೆಸೇಜು ಕಳಿಸೇಬಿಡ್ತು. ಅಲ್ಲಿಗೆ, ಇಷ್ಟು ವರ್ಷಗಳಲ್ಲಿ ತೀರಿಕೊಂಡವರೆಲ್ಲ ಆ ಸೋಮವಾರ ಬೆಳಗ್ಗೆ ಮತ್ತೊಮ್ಮೆ ತೀರಿಕೊಂಡ್ರು.

ನ್ಯಾಮತಿಯಿಂದ ಒಬ್ಬಾಕೆ ಫೋನ್ ಮಾಡಿ ಬೈದಳು: "ನಮ್ಮತ್ತೆ ತಿಥಿ ಆಗಿ ಆರು ವರ್ಷ ಆತು. ಈಗ ಮನೆ ತುಂಬ ನೆಂಟರು ಬಂದು ಕುಂತಾರೆ. ಹನ್ನೊಂದು ದಿನ ಮತ್ತೆ ಅಡಿಗೆ ಮಾಡಾಕೆ ನನ್ನ ಕೈಲಿ ಆಗಲ್ಲ ಕಣ್ರೀ!" ಹೊನ್ನಾಳೀಲಿ, ಜಗಳ ಆಡಿ ಅಣ್ಣನ ಮಣ್ಣಿಗೇ ಬರದಿದ್ದ ತಮ್ಮ, ಹೂವಿನ ಹಾರ ಹಿಡ್ಕೊಂಡು ಬಾಗಿಲಿಗೆ ಬಂದು ಬೋರ್ ಅಂತ ಅತ್ತನಂತೆ. ಅತ್ತಿಗೆ ಚಾ ಕಾಸಿ ಕೊಟ್ಟರಂತೆ.

ಉಬ್ರಾಣಿ ಯಜಮಾನರೂ ಫೋನ್ ಮಾಡಿದ್ರು. "ಅಪ್ಪಾ, ಎಲ್ಲಾರೂ ಹೋಗ್ಯಾರಲ್ಲೋ! ಉಳಿದಿರೋದು ನಾನೊಬ್ಬನೇನಾ?"

"ನಾನೂ ಇದೀನಿ ಯಜಮಾನ್ರೇ," ಅಂದೆ.

ಬುತ್ತಿ

ಹನ್ನೊಂದು ಗಂಟೆ ಹೊತ್ತಿಗೆ, ಕೈಯಲ್ಲೊಂದು ಬುತ್ತಿ ಚೀಲ ಹಿಡ್ಕೊಂಡು ಒಬ್ಬ ಹೆಣ್ಣುಮಗಳು ಪ್ರೆಸ್ಸಿಗೆ ಬಂದಳು. ಜಗಳೂರಿನೋಳು, ನನ್ನ ಹೆಂಡತಿ ಜೊತೆ ಹೈಸ್ಕೂಲ್ ಓದಿದೋಳಂತೆ. ನಮ್ಮ ಮದುವೆಗೆ ಬಂದು ಹೋದಮೇಲೆ ಭೇಟಿಯೇ ಇರಲಿಲ್ಲ. ಹೋದ ದಸರಾಕ್ಕೆ ಮಗಳು ಹೊಸ ಮೊಬೈಲ್ ಕೊಡಿಸಿ, ನಮ್ಮ ಸೈಟಿಗೆ ನಂಬರ್ ಹಾಕಿಕೊಟ್ಟಿದ್ದಳಂತೆ. ಬೆಳಗ್ಗೆ ಮೆಸೇಜು ನೋಡಿದವಳೇ ಬಸ್ ಹತ್ತಿದ್ದಳು.

ಮಿಷನ್ ಮುಂದೆ ನಿಂತಿದ್ದ ನನ್ನನ್ನ ನೋಡಿ ಅವಳಿಗೆ ಸಿಟ್ಟು ಬಂತು. "ಹೆಂಡತಿ ಹೋದ ದಿನಾನೂ ಅಂಗಡಿ ತೆಗೆದೀರಲ್ರೀ! ನೀವೇನು ಮನುಷ್ಯರೇನ್ರೀ?"

ಮೂರು ವರ್ಷ ಆತು ಅಂತ ಹೇಳಾಕೆ ಬಾಯಿ ತೆಗೆದೆ. ಆದ್ರೆ ಅವತ್ತೂ ನಾನು ಅಂಗಡಿ ತೆಗೆದಿದ್ದೆ.

ಅವಳು ಸ್ಟೂಲ್ ಎಳ್ಕೊಂಡು ಕೂತಳು. ದನಿ ಮೆತ್ತಗಾತು. "ಹೆಂಗಾತ್ರೀ ಅಣ್ಣಾರೆ?"

ಸಾವಿನ ಮನೇಲಿ ಎಲ್ಲರೂ ಕೇಳೋ ಮಾತೇ ಅದು. ಆಗ ಕೇಳಿದವರಿಗೆಲ್ಲ 'ಹಾರ್ಟು' ಅಂತ ಒಂದೇ ಮಾತು ಹೇಳಿ ಕಾರ್ಡು ಕೈಗಿಟ್ಟು ಕಳಿಸಿದ್ದೆ. ಇವಳಿಗೆ ಎಲ್ಲಾ ಹೇಳಿದೆ. ಬೆಳಗ್ಗೆ ಎದೆ ಉರಿ ಅಂದಿದ್ದು, ಮಜ್ಜಿಗೆ ಕುಡಿ ಅಂತ ನಾನಂದಿದ್ದು, ನಲ್ಲೂರಿನೋರ ಕಾರ್ಡು ತಿದ್ದಿ ಮುಗಿಸಿ ಬರ್ತೀನಿ ಅಂತ ಕೂತೋಳು ಕುರ್ಚಿ ಬಿಟ್ಟು ಏಳಲೇ ಇಲ್ಲ ಅನ್ನೋದು. ಹೇಳ್ತಾ ಹೇಳ್ತಾ ಅಳು ಬಂತು. ಗಿರಾಕಿಗಳು ನೋಡ್ತಾ ನಿಂತಿದ್ರು, ನಾನು ಅತ್ತೆ. ಅವಳೂ ಅತ್ತಳು.

ಆಮೇಲೆ ಕಣ್ಣು ಒರೆಸ್ಕೊಂಡು ನಿಜ ಹೇಳಿದೆ: "ಅಕ್ಕಾರೆ, ಇದಾಗಿ ಮೂರು ವರ್ಷ ಆತು."

"ನಿಮಗೆ ಮೂರು ವರ್ಷ ಆಗಿರಬಹುದು. ನನಗೆ ಇವತ್ತು ಬೆಳಗ್ಗೆ ಆಗೈತೆ," ಅಂದಳು. ಮೊಬೈಲ್ ತೆಗೆದು ಆ ಪುಟ ನನ್ನ ಮುಂದೆ ಹಿಡಿದಳು. "ಬಸ್ಸಲ್ಲಿ ಎಲ್ಲಾ ಓದಿದೆ. ಇಲ್ಲಿ ನೋಡ್ರಿ, 'ನಮ್ಮವ್ವನ ಫೋಟೋ ಇಲ್ಲ ಅಂದಾಗ ರೇಷನ್ ಕಾರ್ಡಿನ ಫೋಟೋನೇ ತಿದ್ದಿ ಕೊಟ್ಟ ತಾಯಿ' ಅಂತ ಯಾರೋ ಬರೆದಾರೆ." ಮೂರು ವರ್ಷದಲ್ಲಿ ಮೊದಲನೇ ಸಲ ನಾನು ಆ ಪುಟ ನೋಡಿದೆ.

ಸಾವಿನ ಮನೇಲಿ ಒಲೆ ಹಚ್ಚಿರಲ್ಲ ಅಂತ ರೊಟ್ಟಿ ಬುತ್ತಿ ತಂದಿದ್ದಳು. ಬಿಚ್ಚಿದ್ರೆ ಗುರೆಳ್ಳು ಚಟ್ನಿ ವಾಸನೆ. "ಅವಳಿಗೆ ಪ್ರಾಣ ಇದು. ನಿಮಗೆ ಗೊತ್ತಿರ್ತೈತಲ್ಲ," ಅಂದಳು. ನಾನು ಹೂಂ ಅಂದೆ. ಶಿವನಾಣೆ, ಸುಳ್ಳು.

ನಾನು ಉಣ್ತಾ ಇದ್ದಂಗೆ ಅವಳು ಯಾರಿಗೋ ಫೋನ್ ಹಚ್ಚಿದಳು. ಅವರದೇ ಕ್ಲಾಸಿನ ಇನ್ನೂ ಮೂವರು ಆಮೇಲಿನ ಬಸ್ಸಲ್ಲಿ ಬರ್ತಿದ್ರಂತೆ. "ಗಾಬರಿ ಬೀಳಬೇಡ್ರಿ, ನಿಧಾನಕ್ಕೆ ಬರ್ರಿ. ಅವಸರ ಏನಿಲ್ಲ, ಮೂರು ವರ್ಷ ಆಗೈತಂತೆ!"

ಬಾಯಲ್ಲಿ ರೊಟ್ಟಿ ಇಟ್ಕೊಂಡೇ ನಕ್ಕುಬಿಟ್ಟೆ, ಕಣ್ಣೀರು ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ಮೇಡಂ ಫೋನ್ ಬಂತು. "ಸಾರಿ ಸರ್, ದೊಡ್ಡ ತಪ್ಪಾಯ್ತು. ಐದು ನಿಮಿಷದಲ್ಲಿ ಎಲ್ಲರ ತಾರೀಖೂ ಸರಿ ಮಾಡ್ತೀನಿ."

"ಎಲ್ಲರದೂ ಮಾಡ್ರಿ ಮೇಡಂ. ತುಳಸಿ ಹತ್ರ ನಗ್ತಾ ನಿಂತಾಳಲ್ಲ, ಅವಳದೊಂದು ಸಂಜೆ ತನಕ ಹಂಗೇ ಬಿಡ್ರಿ."

"ಯಾಕೆ ಸರ್?"

"ಮಾತಾಡಿಸಾಕೆ ಬರೋರು ಇನ್ನೂ ಮೂವರು ಬಸ್ಸಲ್ಲಿದಾರೆ."